ಹಾಡಿಗಿಂತ ಮೊದಲು ಫ್ಯೂಸ್

ಭಾನುವಾರ ಬೆಳಿಗ್ಗೆ, ತಿಂಡಿ ಮುಗಿದ ಹೊತ್ತು. ಮನೆಯ ಮುಂದೆ ಅಪ್ಪನ ಹಳೆಯ ಮಾರುತಿ 800 ನಿಂತಿದೆ. ಅದರ ಡ್ಯಾಶ್‌ಬೋರ್ಡಿನಲ್ಲಿರುವ ಕ್ಯಾಸೆಟ್ ಪ್ಲೇಯರ್ ದನಿ ನಿಂತು ಎಷ್ಟೋ ವರ್ಷಗಳಾಗಿವೆ. ಜಗಲಿಯ ಮೇಲೆ ಹೊಸ ಸ್ಟೀರಿಯೊದ ಡಬ್ಬ. ದ್ವಿತೀಯ ಪಿಯುಸಿ ಓದುತ್ತಿರುವ ಮಗಳು ಸ್ಕ್ರೂ ಡ್ರೈವರ್ ಹಿಡಿದು ನಿಂತಿದ್ದಾಳೆ.

"ಅಪ್ಪಾ, ಇದನ್ನ ನಾನೇ ಕೂರಿಸ್ತೀನಿ."

"ಬೇಡ ಕಣಮ್ಮ. ಎಲ್ಲೋ ಒಂದು ವೈರ್ ತಾಗಿ ಹೊಗೆ ಬಂದ್ರೆ ಏನ್ ಮಾಡ್ತೀಯ? ಅಂಗಡಿಯವರಿಗೆ ಕೊಟ್ರೆ ಅರ್ಧ ಗಂಟೆ ಕೆಲಸ."

"ಅಂಗಡಿಯವರು ಕೈ ಹಾಕಿದ್ರೆ ಹೊಗೆ ಬರಲ್ವಾ?"

ಇಂಥ ಮಾತುಕತೆ ಯಾವ ಊರಿನ ಯಾವ ಮನೆಯಲ್ಲಾದರೂ ನಡೆದೀತು. ಒಂದು ಮನೆಯಲ್ಲಿ ಕಾರು, ಇನ್ನೊಂದರಲ್ಲಿ ಟ್ರ್ಯಾಕ್ಟರು, ಮತ್ತೊಂದರಲ್ಲಿ ಆಟೊರಿಕ್ಷಾ ಇರಬಹುದು, ಅಷ್ಟೇ ವ್ಯತ್ಯಾಸ. ಅಪ್ಪನ ಭಯ ಸುಳ್ಳಲ್ಲ, ಮಗಳ ಆಸೆಯೂ ತಪ್ಪಲ್ಲ. ಇಬ್ಬರ ನಡುವೆ ರಾಜಿ ಮಾಡಿಸಬಲ್ಲ ವಸ್ತು ಒಂದಿದೆ. ಉಗುರಿನಷ್ಟು ಗಾತ್ರ, ಕೆಲವೇ ರೂಪಾಯಿ ಬೆಲೆ. ಅದೇ ಫ್ಯೂಸ್. ಅದು ಎಲ್ಲಿರಬೇಕು, ಎಷ್ಟು ಆಂಪೇರಿನದಾಗಿರಬೇಕು, ಏಕೆ ಎಂಬ ಮೂರು ಪ್ರಶ್ನೆಗಳಿಗೆ ಮಗಳು ಗಿಳಿಪಾಠ ಒಪ್ಪಿಸದೆ ಉತ್ತರ ಹೇಳಬಲ್ಲಳಾದರೆ ಅಪ್ಪ ಕಾರಿನ ಬೀಗದ ಕೈಯನ್ನು ಧೈರ್ಯವಾಗಿ ಕೊಡಬಹುದು.

ಹೊಗೆಯ ಭಯ ಹಳೆಯದು

ಕಾರಿನೊಳಗೆ ಹಾಡು ಕೇಳುವ ಹಂಬಲ ಕಾರಿನಷ್ಟಲ್ಲದಿದ್ದರೂ ರೇಡಿಯೊದಷ್ಟೇ ಹಳೆಯದು. 1930ರಲ್ಲಿ ಅಮೆರಿಕದ ಶಿಕಾಗೊ ನಗರದ ಪಾಲ್ ಗಾಲ್ವಿನ್ ತನ್ನ ಕಂಪೆನಿ ತಯಾರಿಸಿದ ರೇಡಿಯೊವನ್ನು ಸ್ವಂತ ಸ್ಟುಡಿಬೇಕರ್ ಕಾರಿನಲ್ಲಿ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಗೆ ಹೊರಟ. ಅಲ್ಲಿ ರೇಡಿಯೊ ತಯಾರಕರ ಸಮ್ಮೇಳನ ನಡೆದಿತ್ತು. ಮಳಿಗೆ ಹಿಡಿಯಲು ಅವನಲ್ಲಿ ಹಣವಿರಲಿಲ್ಲ. ಕಾರನ್ನು ಹೊರಗೆ ನಿಲ್ಲಿಸಿ, ರೇಡಿಯೊ ಹಾಕಿ ಬಂದವರಿಗೆಲ್ಲ ಕೇಳಿಸಿದ. ಆ ರೇಡಿಯೊಕ್ಕೆ ಇಟ್ಟ ಹೆಸರು ಮೋಟೊರೋಲಾ. 1947ರಲ್ಲಿ ಕಂಪೆನಿಯೇ ಆ ಹೆಸರನ್ನು ತನ್ನದಾಗಿಸಿಕೊಂಡಿತು.

ಗಾಲ್ವಿನ್ ಬಗ್ಗೆ ಒಂದು ಕಥೆ ಪ್ರಚಾರದಲ್ಲಿದೆ. ಸಾಲ ಕೇಳಲು ಬ್ಯಾಂಕಿನವನೊಬ್ಬನ ಬಳಿಗೆ ಹೋದ ಅವನು, ಮೆಚ್ಚಿಸಲೆಂದು ಆತನ ಕಾರಿಗೇ ಒಂದು ರೇಡಿಯೊ ಹಾಕಿಸಿಕೊಟ್ಟನಂತೆ. ಕೆಲಸ ಮುಗಿದ ಸ್ವಲ್ಪ ಹೊತ್ತಿನಲ್ಲೇ ಕಾರಿಗೆ ಬೆಂಕಿ ಹತ್ತಿತಂತೆ. ಸಾಲ ಸಿಗಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಕಥೆಯಲ್ಲಿ ಉಪ್ಪು ಖಾರ ಎಷ್ಟು ಸೇರಿದೆಯೋ ಏನೋ, ಅದರ ನೀತಿ ಮಾತ್ರ ಇಂದಿಗೂ ಸಲ್ಲುತ್ತದೆ. ಕಾರಿನಲ್ಲಿ ಹಾಡು ಬರುವಂತೆ ಮಾಡುವುದು ಸುಲಭ. ಹೊಗೆ ಬಾರದಂತೆ ಮಾಡುವುದೇ ನಿಜವಾದ ವಿದ್ಯೆ.

ಡ್ಯಾಶ್‌ಬೋರ್ಡಿನ ಗೂಡು

ಮಗಳ ಮೊದಲ ಕೆಲಸ ಅಳತೆಪಟ್ಟಿ ಹಿಡಿಯುವುದು. ಡ್ಯಾಶ್‌ಬೋರ್ಡಿನ ಗೂಡು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಹೊಸ ಸ್ಟೀರಿಯೊದ ಅಳತೆಯೂ ಅದೇ. ಇದು ಆಕಸ್ಮಿಕವಲ್ಲ. ಜರ್ಮನಿಯ ಮಾನಕ ಸಂಸ್ಥೆಯಾದ ಡಿನ್ ಈ ಅಳತೆಯನ್ನು ಗೊತ್ತುಮಾಡಿತು. ಮುಂದೆ ಅದೇ ಐಎಸ್‌ಒ 7736 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅಂಗಡಿಯವರು "ಸಿಂಗಲ್ ಡಿನ್", "ಡಬಲ್ ಡಿನ್" ಎನ್ನುವುದು ಇದನ್ನೇ. ಡಬಲ್ ಡಿನ್ ಎಂದರೆ ಅಗಲ ಅಷ್ಟೇ, ಎತ್ತರ ಮಾತ್ರ ಎರಡರಷ್ಟು, ಅಂದರೆ 100 ಮಿಲಿಮೀಟರ್. ಯಾವುದೋ ದೇಶದ ಕಾರಿಗೆ ಮತ್ಯಾವುದೋ ದೇಶದ ಸ್ಟೀರಿಯೊ ಸರಿಯಾಗಿ ಕೂರುವುದರ ಹಿಂದೆ ಹೀಗೆ ಒಪ್ಪಿ ನಡೆದವರ ಶಿಸ್ತು ಇದೆ.

ಎರಡನೆಯ ಕೆಲಸ ಬಾನೆಟ್ ತೆರೆದು ಬ್ಯಾಟರಿ ಬಿಚ್ಚುವುದು. ಸಾಮಾನ್ಯವಾಗಿ ಹತ್ತು ನಂಬರಿನ ಸ್ಪ್ಯಾನರ್ ಸಾಕು. ಆದರೆ ಯಾವ ತುದಿಯನ್ನು ಮೊದಲು ಬಿಚ್ಚಬೇಕು? ಋಣ ತುದಿಯನ್ನು, ಅಂದರೆ ಮೈನಸ್ ಗುರುತು ಇರುವುದನ್ನು. ಇಂದಿನ ಕಾರುಗಳಲ್ಲಿ ಬ್ಯಾಟರಿಯ ಋಣ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ದೀಪ, ಹಾರನ್, ಸ್ಟೀರಿಯೊ ಯಾವುದೇ ಇರಲಿ, ಧನ ತುದಿಯಿಂದ ತಂತಿಯಲ್ಲಿ ಬಂದ ವಿದ್ಯುತ್ತು ಕಾರಿನ ಮೈಯ ಮೂಲಕವೇ ಮರಳುತ್ತದೆ. ಋಣ ತುದಿ ಜೋಡಿಸಿದ್ದಾಗಲೇ ಧನ ತುದಿಗೆ ಸ್ಪ್ಯಾನರ್ ಹಾಕಿ, ಅದರ ಇನ್ನೊಂದು ಕೊನೆ ಬಾನೆಟ್ಟಿನ ತಗಡಿಗೆ ತಾಗಿದರೆ ಸ್ಪ್ಯಾನರೇ ತಂತಿಯಾಗಿಬಿಡುತ್ತದೆ. ಕಿಡಿ ಹಾರುತ್ತದೆ, ಕೈ ಸುಡುತ್ತದೆ. ಋಣ ತುದಿಯನ್ನು ಮೊದಲು ಬಿಚ್ಚಿದರೆ ಸ್ಪ್ಯಾನರ್ ಎಲ್ಲಿ ತಾಗಿದರೂ ಮಂಡಲ ಪೂರ್ಣವಾಗುವುದಿಲ್ಲ. ಮರುಜೋಡಣೆಯಲ್ಲಿ ಅದೇ ಕೊನೆಯದು.

ಇಲ್ಲಿ ಹೆತ್ತವರಿಗೊಂದು ಸಮಾಧಾನದ ಮಾತು. ಕಾರಿನ 12 ವೋಲ್ಟ್ ಒಣ ಕೈಗೆ ಷಾಕ್ ಹೊಡೆಯುವುದಿಲ್ಲ. ಅಪಾಯ ಇರುವುದು ಬಿಸಿಯಲ್ಲಿ. ಉಂಗುರ, ಬಳೆ, ಲೋಹದ ಕೈಗಡಿಯಾರ ಎರಡು ತುದಿಗಳ ನಡುವೆ ಸಿಕ್ಕಿಕೊಂಡರೆ ಕ್ಷಣಮಾತ್ರದಲ್ಲಿ ಕೆಂಡವಾಗುತ್ತವೆ. ಆದ್ದರಿಂದ ಕೆಲಸಕ್ಕೆ ಮುನ್ನ ಅವೆಲ್ಲ ಮೈಮೇಲಿಂದ ಕೆಳಗಿಳಿಯಬೇಕು.

ಬಣ್ಣ ಹೇಳುವುದೇನು?

ಹಳೆಯ ಪ್ಲೇಯರನ್ನು ಎಳೆದು ಹೊರತೆಗೆದಾಗ ಅದರ ಬೆನ್ನ ಹಿಂದೆ ತಂತಿಗಳ ಜಡೆಯೇ ಕಾಣುತ್ತದೆ. ಹೊಸ ಸ್ಟೀರಿಯೊದ ಜೊತೆಗೂ ಅಂಥದೇ ಒಂದು ಜಡೆ ಬಂದಿರುತ್ತದೆ. ಮಾರುಕಟ್ಟೆಯ ಬಹುಪಾಲು ಸೆಟ್ಟುಗಳಲ್ಲಿ ಬಣ್ಣಗಳ ರೂಢಿ ಹೀಗಿದೆ. ಹಳದಿ ತಂತಿಗೆ ಸದಾಕಾಲ 12 ವೋಲ್ಟ್ ಬೇಕು. ಗಡಿಯಾರ, ನೆನಪಿನಲ್ಲಿಟ್ಟ ಸ್ಟೇಷನ್ನುಗಳು ಉಳಿಯುವುದು ಅದರಿಂದ. ದೊಡ್ಡ ಪ್ರವಾಹವೂ ಅದರಲ್ಲೇ ಹರಿಯುತ್ತದೆ. ಕೆಂಪು ತಂತಿಗೆ ಬೀಗದ ಕೈ ತಿರುಗಿಸಿದಾಗ ಮಾತ್ರ ವಿದ್ಯುತ್ ಬರಬೇಕು. ಸೆಟ್ಟನ್ನು ಎಚ್ಚರಗೊಳಿಸುವುದು ಅದು. ಕಪ್ಪು ತಂತಿ ಅರ್ತ್, ಕಾರಿನ ಮೈಗೆ ಸೇರಬೇಕು. ಬಿಳಿ, ಬೂದು, ಹಸಿರು, ನೇರಳೆ ತಂತಿಗಳು ನಾಲ್ಕು ಸ್ಪೀಕರಿಗೆ. ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಅವುಗಳ ಜೋಡಿಯಾಗಿ ಕಪ್ಪು ಗೆರೆ ಎಳೆದ ಅದೇ ಬಣ್ಣದ ತಂತಿ ಇದ್ದರೆ ಅದು ಆಯಾ ಸ್ಪೀಕರಿನ ಋಣ ತುದಿ.

ಇದು ಸೆಟ್ಟಿನ ಕಡೆಯ ಮಾತು. ಕಾರಿನ ಕಡೆಯ ತಂತಿಗಳು ಈ ರೂಢಿಯನ್ನು ಪಾಲಿಸಬೇಕೆಂದಿಲ್ಲ. ಹತ್ತಾರು ವರ್ಷಗಳಲ್ಲಿ ಎಷ್ಟೋ ಕೈಗಳು ಆಡಿದ ಹಳೆಯ ಕಾರಿನಲ್ಲಂತೂ ಬಣ್ಣವನ್ನು ನಂಬುವಂತೆಯೇ ಇಲ್ಲ. ನಂಬಬೇಕಾದದ್ದು ಮಲ್ಟಿಮೀಟರನ್ನು. ತಂತಿಗಳ ತುದಿಗಳು ಒಂದಕ್ಕೊಂದು ತಾಗದಂತೆ ದೂರ ಬಿಡಿಸಿಟ್ಟು, ಅಳತೆಯ ಮಟ್ಟಿಗೆ ಮಾತ್ರ ಬ್ಯಾಟರಿಯನ್ನು ಮತ್ತೆ ಜೋಡಿಸಬೇಕು. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಕಾರಿನ ಬರಿಯ ಲೋಹಕ್ಕೂ ಕೆಂಪು ಕಡ್ಡಿಯನ್ನು ಒಂದೊಂದೇ ತಂತಿಗೂ ಮುಟ್ಟಿಸಬೇಕು. ಬೀಗದ ಕೈ ಇಲ್ಲದೆಯೂ 12 ತೋರಿಸಿದ ತಂತಿ ಸೆಟ್ಟಿನ ಹಳದಿಗೆ. ಕೈ ತಿರುಗಿಸಿದಾಗ ಮಾತ್ರ 12 ತೋರಿಸಿದ್ದು ಕೆಂಪಿಗೆ. ಎರಡೂ ಸಿಕ್ಕ ಕೂಡಲೇ ಬ್ಯಾಟರಿಯನ್ನು ಮತ್ತೆ ಬಿಚ್ಚಬೇಕು.

ಹಳದಿ, ಕೆಂಪು ಅದಲುಬದಲಾದರೆ ಸೆಟ್ ಕೆಡುವುದಿಲ್ಲ. ಆದರೆ ಕಾರು ನಿಲ್ಲಿಸಿದಾಗಲೆಲ್ಲ ಅದಕ್ಕೆ ಮರೆವು ಕವಿಯುತ್ತದೆ, ಗಡಿಯಾರ ಸೊನ್ನೆಗೆ ಬರುತ್ತದೆ. ಎರಡನ್ನೂ ಸೇರಿಸಿ ಸದಾ ವಿದ್ಯುತ್ ಇರುವ ತಂತಿಗೆ ಕಟ್ಟಿದರೆ ಸೆಟ್ ಆರಿಸಲು ಮರೆತ ದಿನ ಬೆಳಿಗ್ಗೆ ಬ್ಯಾಟರಿ ಬರಿದಾಗಿರುತ್ತದೆ.

ಹದಿಮೂರು ಗ್ರಾಂ ತಾಮ್ರ

ಮೀಟರ್ ಹಿಡಿದು ಹುಡುಕುತ್ತಿದ್ದ ಮಗಳಿಗೆ ಒಂದು ಸಂಗತಿ ಕಂಡಿತು. ಸದಾ ವಿದ್ಯುತ್ ಇದ್ದ ತಂತಿ ಕಾರಿನ ಫ್ಯೂಸ್ ಪೆಟ್ಟಿಗೆಯಿಂದ ಬಂದುದಲ್ಲ. ಹಿಂದೆ ಪ್ಲೇಯರ್ ಕೂರಿಸಿದವರು ಯಾರೋ ಬ್ಯಾಟರಿಯ ಧನ ತುದಿಯಿಂದ ನೇರವಾಗಿ ಒಂದು ತೆಳು ತಂತಿ ಎಳೆದು, ಎಂಜಿನ್ನಿನ ಹಿಂದಿನ ತಗಡಿನ ತೂತಿನ ಮೂಲಕ ಡ್ಯಾಶ್‌ಬೋರ್ಡಿಗೆ ತಂದಿದ್ದರು. ದಾರಿಯಲ್ಲಿ ಎಲ್ಲೂ ಫ್ಯೂಸ್ ಇರಲಿಲ್ಲ. ತೂತಿನ ಅಂಚಿಗೆ ರಬ್ಬರ್ ಬಳೆಯೂ ಇರಲಿಲ್ಲ.

"ಸೆಟ್ಟಿನ ಬೆನ್ನಲ್ಲೇ ಒಂದು ಫ್ಯೂಸ್ ಇರುತ್ತಲ್ಲಮ್ಮ?" ಎಂದು ಅಪ್ಪ ಕೇಳಿದರು. ಒಳ್ಳೆಯ ಪ್ರಶ್ನೆಯೇ. ಅನೇಕ ಸೆಟ್ಟುಗಳ ಹಿಂಭಾಗದಲ್ಲಿ 10 ಅಥವಾ 15 ಆಂಪೇರಿನ ಫ್ಯೂಸ್ ಇರುತ್ತದೆ. ಆದರೆ ಅದು ಕಾಯುವುದು ತನ್ನಿಂದ ಮುಂದಿನದನ್ನು ಮಾತ್ರ. ಕೆರೆಯ ತೂಬನ್ನು ನೆನೆದರೆ ಇದು ತಿಳಿಯುತ್ತದೆ. ಕಾಲುವೆ ನಡುದಾರಿಯಲ್ಲಿ ಒಡೆದರೆ ಗದ್ದೆಯ ಬದುವಿನ ಮಡೆಯನ್ನು ಮುಚ್ಚಿ ಏನು ಪ್ರಯೋಜನ? ಮುಚ್ಚಬೇಕಾದದ್ದು ಕೆರೆಯ ತೂಬನ್ನು. ಇಲ್ಲಿ ಕೆರೆ ಎಂದರೆ ಬ್ಯಾಟರಿ. ಫ್ಯೂಸ್ ಅದಕ್ಕೆ ಆದಷ್ಟೂ ಹತ್ತಿರ, ಒಂದು ಗೇಣಿನೊಳಗೆ ಇರಬೇಕು. ಫ್ಯೂಸ್ ಮುಖ್ಯವಾಗಿ ಕಾಯುವುದು ತಂತಿಯನ್ನು, ಸ್ಟೀರಿಯೊವನ್ನಲ್ಲ.

ತಂತಿಗೆ ಕಾವಲು ಏಕೆ ಬೇಕು? ಹತ್ತನೆಯ ತರಗತಿಯಲ್ಲಿ ಕಲಿತ ಓಮನ ನಿಯಮ ಮತ್ತು ಜೌಲನ ನಿಯಮ ಇಷ್ಟಕ್ಕೆ ಸಾಕು. ಆ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 0.75 ಚದರ ಮಿಲಿಮೀಟರ್, ಉದ್ದ 2 ಮೀಟರ್ ಎಂದಿಟ್ಟುಕೊಂಡರೆ ಅದರ ರೋಧ ಸುಮಾರು 0.046 ಓಮ್. ಬ್ಯಾಟರಿಯ ಒಳರೋಧ, ಕೂಡುವ ತುದಿಗಳ ರೋಧ ಎಲ್ಲ ಸೇರಿಸಿ ಮಂಡಲದ ಒಟ್ಟು ರೋಧ 0.06 ಓಮ್ ಎನ್ನೋಣ. ತಂತಿಯ ಹೊದಿಕೆ ಸವೆದು ತಾಮ್ರ ಕಾರಿನ ಮೈಗೆ ತಾಗಿತು. 12 ವೋಲ್ಟನ್ನು 0.06ರಿಂದ ಭಾಗಿಸಿದರೆ 200 ಆಂಪೇರ್. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. 200ರ ವರ್ಗ 40,000. ಅದನ್ನು 0.046ರಿಂದ ಗುಣಿಸಿದರೆ 1840 ವಾಟ್.

ಸ್ನಾನದ ಮನೆಯ ಗೀಸರ್ ಸಾಮಾನ್ಯವಾಗಿ 2000 ವಾಟಿನದು. ಅದು ಹಲವು ಲೀಟರ್ ನೀರಿಗೆ ಕೊಡುವ ಶಾಖವನ್ನು ಇಲ್ಲಿ ಹೆಚ್ಚುಕಡಿಮೆ 13 ಗ್ರಾಂ ತಾಮ್ರ ಒಂದೇ ನುಂಗಬೇಕು. ತಾಮ್ರದ ವಿಶಿಷ್ಟೋಷ್ಣವನ್ನು ಹಾಕಿ ಲೆಕ್ಕ ಮಾಡಿದರೆ ಆ ತಂತಿ ಪ್ರತಿ ಸೆಕೆಂಡಿಗೆ ಸುಮಾರು 350 ಡಿಗ್ರಿಯಂತೆ ಬಿಸಿಯೇರುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ಎಡೆಬಿಡದೆ ತಾಳಬಲ್ಲದ್ದು ಸುಮಾರು 70 ಡಿಗ್ರಿ. ಬೆಂಕಿಗೆ ಒಂದು ಸೆಕೆಂಡಿಗಿಂತ ಹೆಚ್ಚು ಕಾಯುವ ಕೆಲಸವಿಲ್ಲ.

ಅದೇ ತಂತಿಯಲ್ಲಿ 10 ಆಂಪೇರ್ ಮಾತ್ರ ಹರಿದರೆ? 10ರ ವರ್ಗ 100. ಅದನ್ನು 0.046ರಿಂದ ಗುಣಿಸಿದರೆ 4.6 ವಾಟ್. ಕೈಗೆ ಬೆಚ್ಚಗಾದೀತು, ಅಷ್ಟೇ. ಪ್ರವಾಹ 20 ಪಟ್ಟು ಹೆಚ್ಚಿದರೆ ಶಾಖ 400 ಪಟ್ಟು ಹೆಚ್ಚುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆಯುವ ಆ 'ವರ್ಗ'ದ ಮಹಿಮೆ ಇದು. 10 ಆಂಪೇರಿನ ಫ್ಯೂಸ್ ಎಂದರೆ ಆ ತಂತಿಯಲ್ಲೇ ಬೇಕೆಂದು ಬಿಟ್ಟ ಒಂದು ದುರ್ಬಲ ಜಾಗ. ಪ್ರವಾಹ ಮಿತಿಮೀರಿದರೆ ಮೊದಲು ಕರಗುವುದು ಅದು. ತಾನು ಸತ್ತು ಉಳಿದವರನ್ನು ಕಾಯುತ್ತದೆ.

ಮಗಳ ವಿವರಣೆ ಮುಗಿಯುವ ಹೊತ್ತಿಗೆ ಅಪ್ಪ ಆ ತಂತಿಯನ್ನೇ ನೋಡುತ್ತಿದ್ದರು. ಅದೇ ಕಾರಿನಲ್ಲಿ ಮನೆಮಂದಿಯೆಲ್ಲ ಎಷ್ಟು ಬಾರಿ ಊರಿಗೆ ಹೋಗಿ ಬಂದಿದ್ದರೋ.

ಡಬ್ಬದ ಮೇಲಿನ 50 ವಾಟ್

"ಡಬ್ಬದ ಮೇಲೆ ನಾಲ್ಕು ಸ್ಪೀಕರಿಗೆ 50 ವಾಟಿನಂತೆ ಅಂತ ಬರೆದಿದ್ದಾರೆ. ಒಟ್ಟು 200 ವಾಟ್. 10 ಆಂಪೇರ್ ಸಾಲುತ್ತಾ?" ಅಪ್ಪನ ಮುಂದಿನ ಪ್ರಶ್ನೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ 14.4 ವೋಲ್ಟ್‌ವರೆಗೂ ಇರುತ್ತದೆ. 14.4 ವೋಲ್ಟಿಗೆ 10 ಆಂಪೇರ್ ಎಂದರೆ 144 ವಾಟ್. 144 ವಾಟ್ ಒಳಗೆ ಹೋಗಿ 200 ವಾಟ್ ಹೊರಗೆ ಬರುವುದು ಶಕ್ತಿ ಸಂರಕ್ಷಣೆಯ ನಿಯಮಕ್ಕೆ ವಿರುದ್ಧ. ಹಾಗಾದರೆ 50 ಎಲ್ಲಿಂದ ಬಂತು?

ಕಾರಿನ ಸ್ಪೀಕರುಗಳ ರೋಧ ಸಾಮಾನ್ಯವಾಗಿ 4 ಓಮ್. ಸೆಟ್ಟಿನೊಳಗಿನ ಆಂಪ್ಲಿಫೈಯರ್ ಸ್ಪೀಕರಿಗೆ ಹೆಚ್ಚೆಂದರೆ 14.4 ವೋಲ್ಟ್ ಕೊಡಬಲ್ಲದು. 14.4ರ ವರ್ಗ 207. ನಾಲ್ಕರಿಂದ ಭಾಗಿಸಿದರೆ ಸುಮಾರು 52. ಇದೇ ಆ 50 ವಾಟ್! ಅಲೆಯ ತುತ್ತತುದಿಯಲ್ಲಿ ಒಂದು ಕ್ಷಣ ಸಿಗಬಹುದಾದ ಸಂಖ್ಯೆ ಅದು. ನಿಜವಾದ ನಾದದ ಅಲೆ ಏರಿ ಇಳಿಯುವುದರಿಂದ ಅದರ ಸರಾಸರಿ ಸಾಮರ್ಥ್ಯ ಇದರ ಅರ್ಧ, ಅಂದರೆ ಸುಮಾರು 26 ವಾಟ್. ಒಳಗಿನ ನಷ್ಟಗಳನ್ನು ಕಳೆದರೆ ಕೈಗೆ ಸಿಗುವುದು ಇನ್ನೂ ಕಡಿಮೆ. ಹಾಡಿನಲ್ಲಿ ಜೋರು, ಮೆಲು ಎರಡೂ ಇರುವುದರಿಂದ ದಿನನಿತ್ಯದ ಬಳಕೆ ಅದಕ್ಕಿಂತಲೂ ಎಷ್ಟೋ ಕಡಿಮೆ. ಆದ್ದರಿಂದ ಡಬ್ಬದ ಹೊರಗಿನ ಅಂಕಿಯನ್ನು ನೋಡಿ ದೊಡ್ಡ ಫ್ಯೂಸ್ ಹಾಕುವುದು ತಪ್ಪು. ಸೆಟ್ಟಿನ ಕೈಪಿಡಿಯಲ್ಲಿ ಹೇಳಿದ ಫ್ಯೂಸನ್ನು ಹಾಕಬೇಕು, ಅದನ್ನು ತಾಳುವಷ್ಟು ದಪ್ಪದ ತಂತಿ ಆರಿಸಬೇಕು. ಜಾಹೀರಾತಿನ ಅಂಕಿಯನ್ನು ಪ್ರಶ್ನಿಸಲು ಒಂದು ಗುಣಾಕಾರ, ಒಂದು ಭಾಗಾಕಾರ ಸಾಕು ಎಂಬುದು ಇಲ್ಲಿ ಸಿಗುವ ಇನ್ನೊಂದು ಪಾಠ.

ಸ್ಪೀಕರ್ ಮತ್ತು ಏರಿಯಲ್

ಸ್ಪೀಕರಿನ ಧನ ತುದಿ ಯಾವುದೆಂದು ತಿಳಿಯಲು 1.5 ವೋಲ್ಟಿನ ಪೆನ್ ಸೆಲ್ ಸಾಕು. ಎರಡು ತುದಿಗಳಿಗೆ ಅದನ್ನು ಕ್ಷಣಕಾಲ ಮುಟ್ಟಿಸಿದರೆ 'ಟಪ್' ಎಂಬ ಸದ್ದಿನೊಂದಿಗೆ ಸ್ಪೀಕರಿನ ಕಾಗದ ಮುಂದಕ್ಕೋ ಹಿಂದಕ್ಕೋ ಜಿಗಿಯುತ್ತದೆ. ಮುಂದಕ್ಕೆ ಬಂದರೆ ಸೆಲ್ಲಿನ ಧನ ತುದಿ ತಾಗಿದ್ದೇ ಸ್ಪೀಕರಿನ ಧನ ತುದಿ. ಇದನ್ನು ನೋಡದೆ ಒಂದು ಸ್ಪೀಕರನ್ನು ತಿರುವುಮುರುವಾಗಿ ಕೂಡಿಸಿದರೆ ಹಾಡೇನೋ ಬರುತ್ತದೆ. ಆದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಸೆಳೆಯುತ್ತದೆ, ತಬಲಾ ಮೃದಂಗಗಳ ಗಂಭೀರ ನಾದ ಸೊರಗಿಹೋಗುತ್ತದೆ. ಅಲೆಗಳ ಅಧ್ಯಾಯದಲ್ಲಿ ಬರುವ ವ್ಯತಿಕರಣವನ್ನು ಕಿವಿಯಿಂದಲೇ ಕಲಿಯಬೇಕಾದವರು ಬೇಕೆಂದೇ ಒಮ್ಮೆ ಹೀಗೆ ಮಾಡಿ ಕೇಳಬಹುದು. ಇಂದಿನ ಸೆಟ್ಟುಗಳಲ್ಲಿ ಸ್ಪೀಕರಿನ ಋಣ ತಂತಿಯನ್ನು ಯಾವ ಕಾರಣಕ್ಕೂ ಕಾರಿನ ಮೈಗೆ ಕೂಡಿಸಬಾರದು. ಕೂಡಿಸಿದರೆ ಆಂಪ್ಲಿಫೈಯರ್ ಕೆಡುವ ಸಂಭವವಿದೆ.

ಕಾರಿನ ಏರಿಯಲ್ ಅಳೆದರೂ ಒಂದು ಪಾಠವಿದೆ. ಬೆಂಗಳೂರು ಆಕಾಶವಾಣಿಯ ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಸ್. ರೇಡಿಯೊ ಅಲೆ ಸೆಕೆಂಡಿಗೆ 30 ಕೋಟಿ ಮೀಟರ್ ಓಡುತ್ತದೆ. ಒಂದನ್ನೊಂದರಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು 2.96 ಮೀಟರ್. ಅದರ ಕಾಲು ಭಾಗ 74 ಸೆಂಟಿಮೀಟರ್. ಹಳೆಯ ಕಾರುಗಳ ಉದ್ದನೆಯ ಕಡ್ಡಿ ಏರಿಯಲ್ ಇದರ ಆಸುಪಾಸಿನಲ್ಲೇ ಇರುತ್ತಿತ್ತು. ಏರಿಯಲ್ ಕೇಬಲ್ಲಿನ ಹೊರ ಜಾಲರಿ ಕಾರಿನ ಮೈಗೆ ಸೇರಿರುವುದರಿಂದ ಇಲ್ಲೊಂದು ಮೋಸವೂ ಇದೆ. ಕಪ್ಪು ತಂತಿ ಬಿಟ್ಟುಹೋಗಿದ್ದರೂ ಸೆಟ್ ಈ ಜಾಲರಿಯ ಮೂಲಕವೇ ಅರ್ತ್ ಹಿಡಿದು ಹಾಡಬಹುದು. ಹಾಡಿತೆಂದು ಬಿಡಬಾರದು. ಕಪ್ಪು ತಂತಿಯನ್ನು ಬಣ್ಣ ಕೆರೆದ ಬರಿಯ ಲೋಹಕ್ಕೆ ತಿರುಪಿನಿಂದ ಬಿಗಿಯಬೇಕು. ಇಲ್ಲದಿದ್ದರೆ ಎಂಜಿನ್ ವೇಗಕ್ಕೆ ತಕ್ಕಂತೆ ಏರಿ ಇಳಿಯುವ ಕೀರಲು ದನಿ ಹಾಡಿನ ಜೊತೆ ಸೇರಿಕೊಳ್ಳಬಹುದು.

ಫ್ಯೂಸ್ ಹೋಯಿತು

ಮಗಳು ಹಳೆಯ ತಂತಿಯನ್ನು ಕಿತ್ತು ಹೊಸದನ್ನು ಎಳೆದಳು. ತಗಡಿನ ತೂತಿಗೆ ರಬ್ಬರ್ ಬಳೆ ಹಾಕಿದಳು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಹೋಲ್ಡರ್ ಕೂರಿಸಿ, ಅದರಲ್ಲಿ ಕೈಪಿಡಿ ಹೇಳಿದಂತೆ 10 ಆಂಪೇರಿನ ಫ್ಯೂಸ್ ಇಟ್ಟಳು. ತಂತಿಗಳನ್ನು ಬೆಸೆದು, ಟೇಪ್ ಸುತ್ತಿ, ತಗಡಿನ ಚೌಕಟ್ಟಿನೊಳಗೆ ಸೆಟ್ಟನ್ನು ತಳ್ಳಿದಳು. 'ಕಟಕ್' ಎಂದು ಕೂತಿತು. ಕೊನೆಗೆ ಬ್ಯಾಟರಿಯ ಋಣ ತುದಿಯನ್ನು ಮುಟ್ಟಿಸುತ್ತಿದ್ದಂತೆ 'ಚಟ್' ಎಂದು ಸಣ್ಣ ಕಿಡಿ. ಬೀಗದ ಕೈ ತಿರುಗಿಸಿದರೆ ಸೆಟ್ ಮೂಕ.

ಪಕ್ಕದ ಮನೆಯವರು ಗೇಟಿನಾಚೆಯಿಂದಲೇ ಸಲಹೆ ಕೊಟ್ಟರು: "ಫ್ಯೂಸ್ ಹೋಗಿರುತ್ತೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕಿ ಸಾರ್, ನಡೆಯುತ್ತೆ." ಅದು ಅವರೊಬ್ಬರ ತಪ್ಪಲ್ಲ. ಮನೆಯ ಮೇನ್ ಬೋರ್ಡಿನ ಫ್ಯೂಸಿಗೆ ಎರಡು ಮೂರು ಎಳೆ ತಾಮ್ರ ಸುತ್ತಿ, "ಇನ್ನು ಹೋಗಲ್ಲ ಬಿಡಿ" ಎನ್ನುವುದು ಎಷ್ಟೋ ಮನೆಗಳ ಅಭ್ಯಾಸ. ಹೋಗದ ಫ್ಯೂಸ್ ಫ್ಯೂಸೇ ಅಲ್ಲ ಎಂಬುದು ಮರೆತುಹೋಗಿರುತ್ತದೆ.

ಅಪ್ಪ ಮಗಳ ಮುಖ ನೋಡಿದರು. ಮಗಳು ಬ್ಯಾಟರಿ ಬಿಚ್ಚಿ, ಸೆಟ್ಟನ್ನು ಮತ್ತೆ ಹೊರಗೆಳೆದಳು. ಹಳದಿ ತಂತಿ ತಗಡಿನ ಚೌಕಟ್ಟಿನ ಅಂಚಿಗೂ ಸೆಟ್ಟಿಗೂ ನಡುವೆ ಸಿಕ್ಕಿ ಹೊದಿಕೆ ಕತ್ತರಿಸಿತ್ತು. ಒಳಗಿನ ತಾಮ್ರ ಮಿನುಗುತ್ತಿತ್ತು. ಬ್ಯಾಟರಿಯ ಬಳಿಯ ಫ್ಯೂಸ್ ಕರಗಿತ್ತು. ಸೆಟ್ಟಿನ ಬೆನ್ನಿನ ಫ್ಯೂಸ್ ಏನೂ ಆಗದೆ ಹಾಗೆಯೇ ಇತ್ತು. ಅದೊಂದನ್ನೇ ನಂಬಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಕಾಗದದ ಮೇಲಿನ 1840 ವಾಟಿನ ಲೆಕ್ಕ ಅಲ್ಲೇ ಜಗಲಿಯ ಮೇಲಿತ್ತು.

ತಪ್ಪು ಮಗಳದೇ. ತಂತಿಯನ್ನು ಬದಿಗೆ ಸರಿಸಿ ಕಟ್ಟದೆ ಅವಸರದಲ್ಲಿ ತಳ್ಳಿದ್ದಳು. ಆದರೆ ತಪ್ಪಾದೀತೆಂದು ಮೊದಲೇ ಎಣಿಸಿ ಕಾವಲು ಇಟ್ಟವಳೂ ಅವಳೇ. ಗಾಯವಾದ ಭಾಗವನ್ನು ಕತ್ತರಿಸಿ ಬೆಸೆದು, ತಂತಿಗಳನ್ನೆಲ್ಲ ಹಿಂದಕ್ಕೆ ಕಟ್ಟಿ, ಹೊಸ ಫ್ಯೂಸ್ ಹಾಕಿದ ಮೇಲೆ ಬೀಗದ ಕೈ ತಿರುಗಿಸಿದ್ದು ಅಪ್ಪ.

ಎಲ್ಲಿ ಕೈ ಹಾಕಬಾರದು

ಇಷ್ಟನ್ನು ಓದಿ ಎಲ್ಲ ಕಾರಿಗೂ ಸ್ಕ್ರೂ ಡ್ರೈವರ್ ಹಿಡಿಯಬೇಕೆಂದಲ್ಲ. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಹೊಸ ಕಾರುಗಳ ಡ್ಯಾಶ್‌ಬೋರ್ಡ್ ಅಷ್ಟು ಸರಳವಾಗಿಲ್ಲ. 2019ರ ಜುಲೈನಿಂದ ಭಾರತದಲ್ಲಿ ತಯಾರಾಗುವ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಸಾಮಾನ್ಯವಾಗಿ ಹಳದಿ ಹೊದಿಕೆಯಲ್ಲಿರುವ ಅದರ ತಂತಿಗಳಿಗೆ ಮೀಟರ್ ಕೂಡ ಮುಟ್ಟಿಸಬಾರದು. ಸೆಟ್ಟಿನ ಹಳದಿ ತಂತಿಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳುವುದೂ ಸಲ್ಲದು. ವಾರಂಟಿ ಇರುವ ಕಾರಿನ ತಂತಿ ಕತ್ತರಿಸಿದರೆ ವಾರಂಟಿಗೆ ತೊಡಕಾಗಬಹುದು. ಅಂಥ ಕಾರುಗಳಿಗೆ ಕತ್ತರಿಸದೆ ಕೂಡಿಸುವ ಕಪ್ಲರುಗಳು ಅಂಗಡಿಯಲ್ಲಿ ಸಿಗುತ್ತವೆ. ಬಸ್ಸು, ಲಾರಿಗಳಲ್ಲಿ ಬಹಳಷ್ಟು 24 ವೋಲ್ಟಿನವು. 12 ವೋಲ್ಟಿನ ಸೆಟ್ಟನ್ನು ಅವಕ್ಕೆ ನೇರವಾಗಿ ಕೂಡಿಸಿದರೆ ಸುಡುತ್ತದೆ. ವಿದ್ಯುತ್ ಕಾರು ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಕೈ ಹಿಂದಕ್ಕೆ ತೆಗೆಯಬೇಕು. ಅದರಲ್ಲಿರುವುದು ಪ್ರಾಣ ತೆಗೆಯಬಲ್ಲ ವೋಲ್ಟೇಜು.

ಮನೆಯಲ್ಲಿ ಕಾರೇ ಇಲ್ಲದವರು? ಅವರಿಗೂ ದಾರಿಯಿದೆ. ಇನ್ನೂ ಜೀವ ಇರುವ ಒಂದು 12 ವೋಲ್ಟಿನ ಹಳೆಯ ಬ್ಯಾಟರಿ, ಯಾರೋ ತೆಗೆದುಹಾಕಿದ ಸೆಟ್ಟು, ಒಂದು ಜೊತೆ ಸ್ಪೀಕರ್, ಒಂದು ಫ್ಯೂಸ್ ಹೋಲ್ಡರ್ ಸಿಕ್ಕಿದರೆ ಮೇಜಿನ ಮೇಲೆಯೇ ಈ ಪಾಠವೆಲ್ಲ ನಡೆಯುತ್ತದೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಕಾರು ಸಾಮಾನಿನ ಅಂಗಡಿಗಳೂ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳೂ ಇವೆ. ಬೇರೆ ಊರುಗಳಲ್ಲಿ ಬಸ್ ನಿಲ್ದಾಣದ ಆಸುಪಾಸಿನ ಆಟೊ ಎಲೆಕ್ಟ್ರಿಷಿಯನ್ ಒಬ್ಬರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂತು ನೋಡಿದರೂ ಸಾಕು. ಒಳ್ಳೆಯ ಕೆಲಸಗಾರನ ಗುರುತು ಒಂದೇ: ಆತ ಮೊದಲು ಫ್ಯೂಸ್ ಎಲ್ಲಿದೆ ಎಂದು ಹುಡುಕುತ್ತಾನೆ.

ಹೆತ್ತವರು ಹೊಗೆಗೆ ಹೆದರಿ ಮಕ್ಕಳ ಕೈಯಿಂದ ಸ್ಕ್ರೂ ಡ್ರೈವರ್ ಕಿತ್ತುಕೊಂಡರೆ ಮಕ್ಕಳಿಗೆ ಉಳಿಯುವುದು ಪುಸ್ತಕದ ಸೂತ್ರ ಮಾತ್ರ. ಹೆದರದೆ ಸುಮ್ಮನೆ ಕೊಟ್ಟುಬಿಟ್ಟರೆ ಹೊಗೆ ನಿಜವಾಗಿಯೇ ಬಂದೀತು. ಎರಡರ ನಡುವಿನ ದಾರಿ ಆ ಭಾನುವಾರ ಅಪ್ಪ ಹಿಡಿದದ್ದು. ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಿದರು, ಉತ್ತರಕ್ಕೆ ಕಾದರು.

ಸಂಜೆ ಆ ಕಾರಿನಲ್ಲಿ ಹಾಡು ಕೇಳಿಸುತ್ತಿತ್ತು. ಹಳೆಯ ಬೋಳು ತಂತಿಯನ್ನು ಸುರುಳಿ ಸುತ್ತಿ ಅಪ್ಪ ಕಸದ ಬುಟ್ಟಿಗೆ ಹಾಕಿದರು. ಕರಗಿದ ಫ್ಯೂಸನ್ನು ಮಾತ್ರ ಎಸೆಯಲಿಲ್ಲ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಎರಡು ಹೊಸ 10 ಆಂಪೇರ್ ಫ್ಯೂಸುಗಳ ಪಕ್ಕದಲ್ಲಿ ಅದನ್ನೂ ಇಟ್ಟರು.